ಕೂಡು ಜೆಲ್, ಅಂಟು ಜೆಲ್

ಕಣ್ಣಿನೊಳಗೆ ಹಾಕುವ ಜೆಲ್ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಮಕ್ಕಳೇ. ಅದು ತಿಳಿಯದೆ ನನ್ನ ಆ ದಿನಗಳ ಹೆದರಿಕೆ ನಿಮಗೆ ಅರ್ಥವಾಗುವುದಿಲ್ಲ.

ಪೊರೆ ತೆಗೆಯಲು ಕಣ್ಣಿನ ಅಂಚನ್ನು ಕೊಯ್ದ ಕೂಡಲೇ ಒಳಗಿನ ನೀರು ಹೊರಗೆ ಬಂದುಬಿಡುತ್ತದೆ. ಕಣ್ಣಿನ ಮುಂಭಾಗ ಗಾಳಿ ಹೋದ ಬಲೂನಿನ ಹಾಗೆ ಕುಸಿಯುತ್ತದೆ. ಮುಂದಿರುವ ಗಾಜಿನಂಥ ಪದರದ ಒಳಮೈಗೆ ಬಹಳ ನಾಜೂಕಾದ ಒಂದು ಹಾಸು ಇದೆ. ಅದು ಒಮ್ಮೆ ಉಜ್ಜಿಹೋದರೆ ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಸಲಕರಣೆ ತಾಗದಿರಲಿ, ಹೊಸ ಮಸೂರ ಕೂರಿಸಲು ಜಾಗ ಸಿಗಲಿ ಎಂದು ತಿಳಿನೀರಿನ ಬಣ್ಣದ ಗಟ್ಟಿ ಲೋಳೆಯೊಂದನ್ನು ಒಳಗೆ ತುಂಬುತ್ತಾರೆ. ಅದೇ ಜೆಲ್. ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ತೆಗೆಯಬೇಕು. ಉಳಿದುಕೊಂಡರೆ ಕಣ್ಣಿನ ನೀರು ಇಳಿದುಹೋಗುವ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತದೆ. ಮಿತಿಮೀರಿ ಏರಿದರೆ ನೋಟವೇ ಹೋಗುತ್ತದೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ತರೀಕೆರೆಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಜ್ಜಂಪುರದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಸಲಕರಣೆ ತೊಳೆಯುವುದು, ಬಟ್ಟೆ ಮಡಿಸಿ ಡ್ರಮ್ಮಿಗೆ ತುಂಬಿ ಕ್ರಿಮಿ ಸಾಯಲೆಂದು ಹಬೆಗೆ ಇಡುವುದು, ಬಾಟಲಿ ಜೋಡಿಸುವುದು ನನ್ನ ಕೆಲಸ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ್ದೆ, ಅಷ್ಟೇ. ಗಂಡಸರೆದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಡಾಕ್ಟರು ಏನು ಕೇಳಿದರೂ ತಲೆಯಾಡಿಸುತ್ತಿದ್ದೆ. "ಅವ್ಳಿಗೆ ಬಾಯಿ ಐತೋ ಇಲ್ವೋ ಅಂತ ಡಾಕ್ಟ್ರು ನನ್ನ ಕೇಳ್ತಾರೆ ಕಣೇ," ಎಂದು ಹಿರಿಯ ಸಿಸ್ಟರ್ ನಗುತ್ತಿದ್ದರು.

ಡಾಕ್ಟರು ಆಗಷ್ಟೇ ಮಸೂರ ಕೂರಿಸುವ ಹೊಸ ಆಪರೇಷನ್ ಕಲಿತು ಬಂದಿದ್ದರು. ಹೊರದೇಶದ ಜೆಲ್ ನಮ್ಮಂಥ ಕಡೆಗೆ ಬರುವುದು ಅಪರೂಪ. ಹಾಗಾಗಿ ಹೆಚ್ಚಿನದನ್ನು ನಮ್ಮಲ್ಲೇ ಬಿಳಿ ಪುಡಿಯಿಂದ ತಯಾರಿಸುತ್ತಿದ್ದೆವು. ಇನ್ನು ಸ್ವಲ್ಪವನ್ನು ದೊಡ್ಡ ಊರಿನ ಆಸ್ಪತ್ರೆಯವರು ಕೊಟ್ಟು ಕಳಿಸುತ್ತಿದ್ದರು. ಎಲ್ಲವೂ ಒಂದೇ ಅಳತೆಯ ಪುಟ್ಟ ಗಾಜಿನ ಬಾಟಲಿಗಳಲ್ಲಿ. ಕಣ್ಣಿಗೆ ಎಲ್ಲವೂ ಒಂದೇ.

ಒಂದೇ ಅಲ್ಲ ಎಂದು ತಿಳಿದದ್ದು ಲಿಂಗದಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಕಣ್ಣಿನಿಂದ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮಾರನೆಯ ಬೆಳಿಗ್ಗೆ ವಾರ್ಡಿಗೆ ಹೋದರೆ ಅವರು ತಲೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದರು. ನಾನು ಬೇಸಿನ್ ಹಿಡಿದು ನಿಂತೆ. "ಕಣ್ಣೊಳಗೆ ಕಲ್ಲು ಇಟ್ಟಂಗೈತೆ, ತೆಗೀರಪ್ಪಾ," ಎನ್ನುತ್ತಿದ್ದರು. ಪಟ್ಟಿ ಬಿಚ್ಚಿದಾಗ ಕಣ್ಣಿನ ಮುಂಭಾಗ ಉಸಿರು ತಾಗಿದ ಕನ್ನಡಿಯಂತೆ ಮಂಜಾಗಿತ್ತು. ಡಾಕ್ಟರು ಗಾಯದ ಅಂಚನ್ನು ಸ್ವಲ್ಪ ಒತ್ತಿ ನೀರು ಬಿಟ್ಟರು. ನೀರಿನ ಜೊತೆಗೆ ಲೋಳೆಯ ಎಳೆಯೊಂದು ಹೊರಬಂತು. ಕಣ್ಣು ಉಳಿಯಿತು, ಆದರೆ ನೋಟ ಅವರು ಆಸೆಪಟ್ಟಷ್ಟು ಬರಲಿಲ್ಲ. ಅಂದಿನಿಂದ ಯಾವ ರೋಗಿ ಕೆಮ್ಮಿದರೂ ನಾನು ಬೇಸಿನ್ ಹಿಡಿದು ಓಡುತ್ತಿದ್ದೆ.

ಡಾಕ್ಟರು ಎರಡು ದಿನ ಉಳಿದ ಬಾಟಲಿಗಳನ್ನೆಲ್ಲ ತೆಗೆದು ಪರೀಕ್ಷಿಸಿ ನೋಡಿದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಜೆಲ್‌ನಲ್ಲಿ ಎರಡು ಗುಣ. ಒಂದು ತನ್ನಲ್ಲೇ ತಾನು ಕೂಡಿಕೊಂಡಿರುತ್ತದೆ. ಒಂದು ತುದಿ ಹಿಡಿದು ಎಳೆದರೆ ಉಂಡೆಯಾಗಿ ಎಲ್ಲವೂ ಹಿಂದೆಯೇ ಬರುತ್ತದೆ. ಇನ್ನೊಂದು ಕಣ್ಣಿನ ಗೋಡೆಗೆ ಅಂಟಿಕೊಂಡು ಹರಡುತ್ತದೆ. ಎಳೆದರೆ ತುಂಡಾಗಿ ಸ್ವಲ್ಪ ಬಂದು ಸ್ವಲ್ಪ ಉಳಿಯುತ್ತದೆ. ಉಳಿದದ್ದು ಕಾಣುವುದೂ ಇಲ್ಲ. ಮೇಷ್ಟ್ರಿಗೆ ಹಾಕಿದ್ದು ಕೂಡಿಕೊಳ್ಳುವುದು ಎಂದುಕೊಂಡು ಬೇಗ ಮುಗಿಸಿದ್ದರು. ಅದು ಅಂಟುವುದಾಗಿತ್ತು.

"ಎರಡೂ ಬೇಕು. ಅಂಟೋದು ಕಣ್ಣಿನ ಒಳಮೈಯನ್ನ ಚೆನ್ನಾಗಿ ಕಾಯುತ್ತೆ. ಆದ್ರೆ ಯಾವ ಬಾಟ್ಲು ಯಾವ ಜಾತಿ ಅಂತ ಮೊದ್ಲೇ ಗೊತ್ತಿರಬೇಕು," ಎಂದರು.

"ಇಲ್ಲೂ ಜಾತಿ ಬಂತಾ ಸಾರ್?" ಎಂದ ನಮ್ಮ ಕಾಂಪೌಂಡರ್.

"ಈ ಆಸ್ಪತ್ರೆಲಿ ಕೇಳ್ಬೋದಾದ ಜಾತಿ ಇದೊಂದೇ ಕಣಯ್ಯಾ."

ಹೀಗೆ ಕೂಡು, ಅಂಟು ಎಂಬ ಹೆಸರುಗಳು ನಮ್ಮಲ್ಲಿ ಬಂದವು. ವಿಂಗಡಿಸುವ ಕೆಲಸದಲ್ಲಿ ಸಿಸ್ಟರ್ ಜೊತೆ ನನ್ನನ್ನೂ ಹಾಕಿದರು. ಪ್ರತಿ ತಯಾರಿಯಿಂದ ಒಂದು ಬಾಟಲಿ ಪರೀಕ್ಷೆಗೆ. ಕಪ್ಪು ಬಟ್ಟೆಯ ಮುಂದೆ ಹಿಡಿದು ಎಳೆ, ಕಸ, ಗುಳ್ಳೆ ನೋಡುವುದು. ಉದ್ದ ಗಾಜಿನ ನಳಿಕೆಗೆ ತುಂಬಿ ಸಣ್ಣ ಉಕ್ಕಿನ ಗುಂಡು ಬಿಟ್ಟು ಅದು ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ನೋಡುವುದು. ಆಮೇಲೆ ಮುಖ್ಯವಾದ ಪರೀಕ್ಷೆ. ಅದಕ್ಕೆ ಮಟನ್ ಅಂಗಡಿಯಿಂದ ಆಡಿನ ಕಣ್ಣು ಬರುತ್ತಿತ್ತು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆಯನ್ನೂ ಮುಟ್ಟಿದವಳಲ್ಲ ನಾನು. ಆ ಕಣ್ಣುಗಳು ಬಟ್ಟಲಿನಿಂದ ನನ್ನನ್ನೇ ನೋಡುತ್ತಿದ್ದಂತೆ ತೋರಿ ಮೊದಲ ದಿನ ಬಚ್ಚಲಿಗೆ ಓಡಿಹೋದೆ. ಸಿಸ್ಟರ್ ಬೈಯಲಿಲ್ಲ. "ಮೇಷ್ಟ್ರನ್ನ ನೆನಸ್ಕೋ, ಕೈ ತಾನಾಗೇ ಮುಂದಾಗುತ್ತೆ," ಎಂದರು. ಹಾಗೇ ಆಯಿತು. ಜೆಲ್‌ಗೆ ಕಣ್ಣಿನ ಪರೀಕ್ಷೆಗೆ ಬಳಸುವ ಹಳದಿ ಬಣ್ಣವನ್ನು ಒಂದು ಹನಿ ಬೆರೆಸಿ ಆಡಿನ ಕಣ್ಣಿನೊಳಗೆ ತುಂಬುತ್ತಿದ್ದೆವು. ನೀರು ಬಿಡುತ್ತ ಎಳೆದುಕೊಳ್ಳುವ ಸಣ್ಣ ನಳಿಕೆಯಿಂದ ಡಾಕ್ಟರು ಅದನ್ನು ತೆಗೆಯುತ್ತಿದ್ದರು. ಬಳಿಕ ಕಣ್ಣನ್ನು ಬಿಡಿಸಿ ನೋಡಿದರೆ ಹಳದಿ ಎಲ್ಲಿ ಉಳಿದಿದೆ ಎಂದು ಕಾಣುತ್ತಿತ್ತು. ಕೂಡು ಜೆಲ್ ಆದರೆ ಏನೂ ಇಲ್ಲ. ಅಂಟು ಜೆಲ್ ಆದರೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಹಿಂದೆ, ಮೂಲೆಗಳಲ್ಲಿ ಹಳದಿ ಮೆತ್ತಿರುತ್ತಿತ್ತು. ಕೂಡು ತಯಾರಿಯ ಬಾಟಲಿಗಳ ಕುತ್ತಿಗೆಗೆ ಕೆಂಪು ದಾರ, ಅಂಟಿನದಕ್ಕೆ ಕರಿ ದಾರ ಕಟ್ಟುವುದು ನನ್ನ ಪಾಲು. ಗಂಟು ಹಾಕುವಾಗೆಲ್ಲ ಬಾಯಲ್ಲಿ ಹೆಸರು ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೇ ಒಲೆ ಮುಂದೆ ಕೂರುತ್ತಿದ್ದೆ. "ದಿನಾ ತಲೆಗೆ ಹಾಕ್ಕಂತೀಯಲ್ಲೇ, ಅಲ್ಲೇನು ಹೆಣ ಎತ್ತೀಯಾ?" ಎಂದು ನನ್ನ ಅತ್ತೆ ಕೇಳುತ್ತಿದ್ದರು. ಆಡಿನ ಸುದ್ದಿಯನ್ನು ನಾನು ಎತ್ತಲಿಲ್ಲ.

ಆ ವರ್ಷದ ಆಯುಧ ಪೂಜೆಗೆ ಸ್ವಲ್ಪ ಮುಂಚೆ ಕಡೂರಿನಿಂದ ಒಬ್ಬ ಅಜ್ಜಿ ಬಂದು ಸೇರಿದಳು. ರೈಲು ನಿಲ್ದಾಣದ ಹೊರಗೆ ವೀಳ್ಯದೆಲೆ ಮಾರುವವಳು. ಎಡಗಣ್ಣು ಚಿಕ್ಕಂದಿನಲ್ಲಿ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿನ ಪೊರೆ ಬಲಿತು ಊದಿಕೊಂಡಿತ್ತು. ಒಳಗೆ ಒತ್ತಡ ಏರಲು ಶುರುವಾಗಿತ್ತು. ಅವಳಿಗೆ ಇದ್ದದ್ದು ಅದೊಂದೇ ಕಣ್ಣು. ಅದಕ್ಕೆ ಏನಾದರೂ ಆದರೆ ಇನ್ನೊಂದು ಇದೆ ಎನ್ನುವಂತಿರಲಿಲ್ಲ.

ಬಾಯಿ ಮಾತ್ರ ಬಲು ಜೋರು. ನಾನು ಹನಿ ಬಿಡಲು ಹೋದಾಗ, "ಯಾರವ್ವಾ ಅದು, ಬೆಕ್ಕಿನಂಗೆ ಬತ್ತೀಯಾ, ಹೋಗ್ತೀಯಾ, ಉಸ್ರೇ ಇಲ್ಲ. ಇದೀಯೋ ಸತ್ತಿದೀಯೋ?" ಎಂದಳು.

"ಇದೀನಿ ಅಜ್ಜಿ."

"ಸದ್ಯ! ನಾನೇ ಸತ್ತೋಗಿ ದೆವ್ವದ ಕೈಲಿ ಔಷ್ದ ಹಾಕಿಸ್ಕೊಂತಿದೀನೇನೋ ಅಂದ್ಕಂಡೆ."

ಹಬ್ಬ ಮುಗಿದ ಕೂಡಲೇ ಅವಳ ಆಪರೇಷನ್ ಎಂದು ಡಾಕ್ಟರು ಗೊತ್ತುಮಾಡಿದರು.

ಆಯುಧ ಪೂಜೆಯ ದಿನ ನನಗೆ ರಜೆ. ಸಿಸ್ಟರ್‌ಗೂ ರಜೆ. ಪೂಜೆಯ ಹೊಣೆ ಕಾಂಪೌಂಡರ್‌ನದು. ಭಕ್ತಿಯ ಮನುಷ್ಯ ಅವನು. ಹಬೆ ಯಂತ್ರ, ದೀಪ, ಕತ್ತರಿಗಳ ಪೆಟ್ಟಿಗೆಗೆಲ್ಲ ವಿಭೂತಿ ಹಚ್ಚಿ ಹೂವಿಡುವುದು ಪ್ರತಿವರ್ಷದ ಪದ್ಧತಿ. ಆ ವರ್ಷ ಅವನಿಗೆ ಜೆಲ್ ಬಾಟಲಿಗಳೂ ಆಯುಧವೇ ಎಂದು ತೋರಿತು. ಮೇಷ್ಟ್ರ ವಿಷಯದಿಂದ ಅವನ ಮನಸ್ಸಿಗೂ ಹೆದರಿಕೆ ಹೊಕ್ಕಿತ್ತಲ್ಲ. ಫ್ರಿಜ್ಜಿನಿಂದ ಎಲ್ಲವನ್ನೂ ತೆಗೆದು ಮಣೆಯ ಮೇಲಿಟ್ಟ. ಕೊಳೆಯಾದ ಹಳೆ ದಾರ ಪೂಜೆಗೆ ಆಗದೆಂದು ಕತ್ತರಿಸಿ ಹಾಕಿ, ಬಾಟಲಿ ತೊಳೆದು, ಪ್ರತಿಯೊಂದಕ್ಕೂ ಅರಿಶಿನ ದಾರ ಕಟ್ಟಿದ. ವಿಭೂತಿ, ಕುಂಕುಮ ಹಚ್ಚಿದ. ಪೂಜೆಯಾದ ಮೇಲೆ ಮುಚ್ಚಳದ ಮೇಲೆ ಕುಂಕುಮದ ನೀರು ಕಂಡು ಗಾಬರಿಯಾಯಿತು. ಶುದ್ಧವಾಗಲಿ ಎಂದು ಎಲ್ಲವನ್ನೂ ಒಟ್ಟಿಗೆ ಇನ್ನೊಮ್ಮೆ ಹಬೆಗೆ ಇಟ್ಟ.

ಹಬ್ಬದ ಮಾರನೆಯ ದಿನ ನಾನು ಫ್ರಿಜ್ಜು ತೆಗೆದೆ. ಸಾಲಾಗಿ ಹಳದಿ ದಾರ. ಕೆಂಪಿಲ್ಲ, ಕರಿಯಿಲ್ಲ. ಬಾಗಿಲು ಹಿಡಿದುಕೊಂಡೇ ನಿಂತೆ. ಹಿಂದಿನಿಂದ ಕಾಂಪೌಂಡರ್ ಬಂದು, "ಚೆನ್ನಾಗಿ ಕಾಣ್ತಾವಲ್ವೇನಕ್ಕಾ?" ಎಂದ. ನಾನು ತಿರುಗಿ ನೋಡಿದೆ. ನನ್ನ ಮುಖ ನೋಡಿ ಅವನ ಮುಖ ಬಾಡಿತು.

ಸಿಸ್ಟರ್ ಕೂಗಾಡಿದರು. ಡಾಕ್ಟರು ಕೂಗಾಡಲಿಲ್ಲ, ಅದೇ ಹೆಚ್ಚು ಹೆದರಿಕೆ. "ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿ. ಬೇರೆ ದಾರಿ ಇಲ್ಲ," ಎಂದರು. ಅಂದು ಅಜ್ಜಿಯ ಆಪರೇಷನ್ ಆಗಬೇಕಿತ್ತು. ಅವಳ ಕಣ್ಣಿನ ಒತ್ತಡ ಬೇರೆ ಇನ್ನಷ್ಟು ಏರಿತ್ತು.

ಇಲ್ಲೊಂದು ಕಷ್ಟ ಹೇಳಬೇಕು. ನಾವು ಪುಡಿಯಿಂದ ಮಾಡುವ ಜೆಲ್ ಬಿಸಿಗೆ ಹಾಲಿನಂತೆ ಬೆಳ್ಳಗಾಗಿ, ತಣಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಅದಕ್ಕೆ ಹಬೆಯಿಂದ ದೊಡ್ಡ ತೊಂದರೆಯಿಲ್ಲ. ಹೊರಗಿನಿಂದ ಬಂದ ಕೂಡು ಜೆಲ್ ಹಾಗಲ್ಲ. ಕಾಯಿಸಿದರೆ ಅದರ ಗಟ್ಟಿತನ ಒಳಗೊಳಗೇ ಮುರಿಯುತ್ತದೆ. ನೋಡಲು ಮೊದಲಿನಂತೆಯೇ ಇರುತ್ತದೆ.

ಬಾಟಲಿಗಳೆಲ್ಲ ಕಲೆತುಹೋಗಿದ್ದರಿಂದ ಈಗ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕಾಯಿತು. ಸ್ವಲ್ಪ ತೆಗೆದು ನೀರಿನ ಬಟ್ಟಲಿಗೆ ಬಿಟ್ಟೆವು. ಕೆಲವು ತಕ್ಷಣ ಹರಡಿದವು, ಅವು ಅಂಟು ಎನ್ನಬಹುದಿತ್ತು. ಆದರೆ ಬಿಸಿಗೆ ಮುರಿದ ಕೂಡು ಜೆಲ್ ಕೂಡ ಹಾಗೇ ಹರಡಬಹುದಿತ್ತು. ಉಳಿದವುಗಳಲ್ಲಿ ಒಂದು ಮೊದಲು ಉಂಡೆಯಾಗಿ ನಿಂತು, ನೋಡುನೋಡುತ್ತಲೇ ಸಡಿಲವಾಯಿತು. ಇನ್ನೊಂದನ್ನು ಎಳೆದರೆ ಅರ್ಧ ಒಟ್ಟಿಗೆ ಬಂದು ಅರ್ಧ ಹರಿದುಕೊಂಡಿತು. ಆಡಿನ ಕಣ್ಣಿನಲ್ಲಿ ನೋಡಿದರೆ ಒಮ್ಮೆ ಶುಭ್ರ, ಮರುಸಲ ಪರದೆಯ ಹಿಂದೆ ಹಳದಿ ಗೆರೆ. ನನ್ನ ಕೈ ಪಳಗಿಲ್ಲದ್ದರಿಂದ ಹಾಗಾಯಿತೋ ಎಂದು ನಳಿಕೆಯನ್ನು ಸಿಸ್ಟರ್ ಕೈಗೆ ಕೊಟ್ಟೆ. ಅವರಿಗೂ ಹಾಗೆಯೇ ಆಯಿತು.

ಸಿಸ್ಟರ್ ಡಾಕ್ಟರನ್ನು ಕರೆಯಲು ಹೋದಾಗ ಕಾಂಪೌಂಡರ್ ಮೆಲ್ಲಗೆ ಒಳಗೆ ಬಂದ. ಕಣ್ಣು ಕೆಂಪಾಗಿತ್ತು.

"ಅಕ್ಕಾ, ಅವನ್ನ ಕೂಡು ಅಂದ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ಆಪರೇಷನ್ ಆಗ್ಲಿ, ಆಮ್ಯಾಕೆ ಎಲ್ಲಾ ಚೆಲ್ಲಿ ಹೊಸ್ದು ಮಾಡ್ಕಳಣ. ಆಪರೇಷನ್ ನಿಂತ್ರೆ ನನ್ನ ಕೆಲ್ಸ ಹೋಯ್ತದೆ. ಮೂರು ಹೆಣ್ಮಕ್ಕಳಕ್ಕಾ ನಂಗೆ."

"ಅಣ್ಣಾ, ಅವು ಯಾವುದು ಅಂತ ನಂಗೆ ಗೊತ್ತಾಗ್ತಿಲ್ಲ."

"ಗೊತ್ತಿಲ್ದಿದ್ರೇನು, ಅರ್ಧಕ್ಕರ್ಧ ಅದೇ ಇರ್ಬೋದಲ್ಲ! ನಿಮ್ಮ ಮಾತ್ನ ಡಾಕ್ಟ್ರು ನಂಬ್ತಾರೆ."

ಆ ಕೊನೆಯ ಮಾತಿಗೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ. ಅದುವರೆಗೆ ಬಾಟಲಿ ಜೋಡಿಸುವವಳು, ದಾರ ಕಟ್ಟುವವಳು ಎಂದಷ್ಟೇ ಅಂದುಕೊಂಡಿದ್ದೆ. ನಾನು ಕಟ್ಟಿದ ದಾರ ನಂಬಿ ಒಬ್ಬರ ಕಣ್ಣಿನೊಳಗೆ ಕೈ ಹಾಕುತ್ತಾರೆ ಎಂಬುದು ಆ ಗಳಿಗೆಯಲ್ಲಿ ತಟ್ಟಿದಷ್ಟು ಎಂದೂ ತಟ್ಟಿರಲಿಲ್ಲ. ಅವನ ಹೆಣ್ಣುಮಕ್ಕಳ ಮುಖಗಳೂ ಕಣ್ಣ ಮುಂದೆ ಬಂದವು. ಚಿಕ್ಕವಳು ನಿಮ್ಮಪ್ಪನ ವಯಸ್ಸಿನವಳು.

ಡಾಕ್ಟರು ಬಂದು ಬಟ್ಟಲು ನೋಡಿದರು. ಸಿಸ್ಟರನ್ನು ನೋಡಿದರು, ಆಮೇಲೆ ನನ್ನನ್ನು. "ದಾರ ಕಟ್ಟೋರು ನೀವು. ಇವಕ್ಕೆ ಯಾವ ದಾರ ಕಟ್ತೀರಮ್ಮಾ?"

ತಲೆಯಾಡಿಸಿದರೆ ಆಗುವಂಥ ಪ್ರಶ್ನೆಯಲ್ಲ ಅದು. ಕಾಂಪೌಂಡರ್ ಬಾಗಿಲ ಬಳಿ ಕೈ ಜೋಡಿಸಿ ನಿಂತಿದ್ದ.

"ಯಾವ್ದೂ ಕಟ್ಟಲ್ಲ ಸಾರ್. ನಂಗೆ ತಿಳೀತಿಲ್ಲ," ಎಂದೆ.

"ನಂಗೂ ತಿಳೀತಿಲ್ಲ," ಎಂದರು ಡಾಕ್ಟರು. ಸ್ಟೂಲಿನ ಮೇಲೆ ಕೂತುಬಿಟ್ಟರು.

ಸ್ವಲ್ಪ ಹೊತ್ತು ಅವರೂ ಸಿಸ್ಟರೂ ಮಾತಾಡಿಕೊಂಡರು. ಹಳೆಯ ರೀತಿಯಲ್ಲಿ ಜೆಲ್ ಇಲ್ಲದೆ, ಮಸೂರವೂ ಇಲ್ಲದೆ ಪೊರೆ ತೆಗೆದುಬಿಡಬಹುದು. ಆದರೆ ಊದಿದ ಪೊರೆ ಒಡೆದರೆ ಆ ಕುಸಿದ ಕಣ್ಣಿನಲ್ಲಿ ಏನೂ ಮಾಡಲಾಗುವುದಿಲ್ಲ. ದೊಡ್ಡ ಊರಿಗೆ ಕಳಿಸಬಹುದು. ಅಜ್ಜಿಯನ್ನು ಕೇಳಿದರೆ, "ಇಲ್ಲಿಗೆ ಬಂದಿದ್ದೇ ಹೆಚ್ಚು. ಇನ್ನೊಂದು ಊರಲ್ಲಿ ಕಣ್ಣು ಕುಯ್ಸ್ಕೊಂಡು ನಾನ್ಯಾರ ಕೈ ಹಿಡ್ಕೊಂಡು ವಾಪಸ್ ಬರ್ಲಿ? ಆಗಲ್ಲ ಹೋಗಯ್ಯಾ," ಎಂದಳು.

ಕೊನೆಗೆ ಡಾಕ್ಟರು ಎದ್ದರು. "ಯಾವ್ದು ಅಂತ ಗೊತ್ತಿಲ್ಲದ್ದನ್ನ ಕಣ್ಣೊಳಗೆ ಹಾಕಲ್ಲ. ಎಲ್ಲಾ ಚೆಲ್ಲಿ. ಒಂದೂ ಉಳೀಬಾರ್ದು. ಹೊಸ್ದಾಗಿ ಮಾಡಿ ಪರೀಕ್ಷೆ ಮಾಡೋಣ. ಅಲ್ಲಿವರೆಗೆ ಮಾತ್ರೆಲಿ ಒತ್ತಡ ಹಿಡಿದಿಡೋಣ." ಬಾಗಿಲ ಬಳಿಯವನ ಕಡೆ ತಿರುಗಿ, "ನೀನು ಮನೆಗೆ ಹೋಗ್ಬೇಡ. ಪುಡಿ ಕಲಸೋಕೆ ಕೈ ಬೇಕು," ಎಂದರು.

ಮಾತ್ರೆ ಹಿಡಿದಿಡುತ್ತದೆಯೇ ಎಂಬುದೇ ಪ್ರಶ್ನೆ. ಹಿಡಿಯದಿದ್ದರೆ ಜೆಲ್ ತಯಾರಾಗುವ ಮೊದಲೇ ಕಣ್ಣು ಹೋಗುತ್ತಿತ್ತು. ಆಗ ಬಾಟಲಿಯಲ್ಲಿ ಇದ್ದದ್ದನ್ನು ಚೆಲ್ಲಿಸಿದ ಮಾತು ನನ್ನದೂ ಆಗುತ್ತಿತ್ತು.

ಬಿಸಿ ನೀರಿಗೆ ಪುಡಿ ಉದುರಿಸಿ ಕಲಕಬೇಕು. ಬಿಸಿಯಲ್ಲಿ ಅದು ಕರಗುವುದಿಲ್ಲ, ಮರಳಿನಂತೆ ತೇಲುತ್ತದೆ. ತಣ್ಣಗಾದಂತೆ ಕರಗಿ ಗಟ್ಟಿಯಾಗುತ್ತದೆ. ಜೋರಾಗಿ ಕಲಕಿದರೆ ಗುಳ್ಳೆ, ನಿಧಾನವಾದರೆ ಗಂಟು. ಕಾಂಪೌಂಡರ್ ಕಲಕುತ್ತಿದ್ದ, ನಾನು ಪಾತ್ರೆ ಹಿಡಿದಿದ್ದೆ. ಸೋಸಿ, ಬಾಟಲಿಗೆ ತುಂಬಿ, ಹಬೆಗೆ ಇಟ್ಟು ತೆಗೆದಾಗ ಎಲ್ಲವೂ ಹೆಪ್ಪುಗಟ್ಟಿದ ಮೊಸರಿನಂತೆ ಬೆಳ್ಳಗಿದ್ದವು. ಪ್ರತಿಸಲ ಹಾಗೇ ಇರುತ್ತದೆ, ತಣಿದರೆ ಸರಿಹೋಗುತ್ತದೆ ಎಂದು ಗೊತ್ತಿದ್ದರೂ ಈ ಸಲ ಅದೇ ಬಿಳುಪಿನಲ್ಲಿ ನಿಂತುಬಿಟ್ಟರೆ ಎಂದು ಭಯ.

ಫ್ರಿಜ್ಜಿಗೆ ಇಟ್ಟ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಮಧ್ಯಾಹ್ನದ ಸೆಕೆ. ಕಾಂಪೌಂಡರ್ ಸೈಕಲ್ ಹತ್ತಿ ಹೋದ. ಬಸ್ ನಿಲ್ದಾಣದ ಹಿಂದಿನ ಐಸ್ ಕ್ಯಾಂಡಿ ಮಾಡುವ ಕಡೆಯಿಂದ ಗೋಣಿಚೀಲದಲ್ಲಿ ಮಂಜುಗಡ್ಡೆ ಹೊತ್ತು ತಂದ. ಅಂಗಿ ಪೂರ್ತಿ ನೆನೆದಿತ್ತು. ಬಕೆಟ್ಟಿನಲ್ಲಿ ಮಂಜುಗಡ್ಡೆ, ಹೊಟ್ಟು ಹಾಕಿ ಬಾಟಲಿಗಳನ್ನು ಇಟ್ಟು ಮೇಲೆ ಕಂಬಳಿ ಮುಚ್ಚಿದೆವು. "ಕರಗಿದ್ರೆ ಮತ್ತೆ ತತ್ತೀನಿ," ಎಂದ. ನಾನು ತಿಳೀತಿಲ್ಲ ಎಂದ ಮೇಲೆ ಆ ದಿನ ಅವನು ನನ್ನೊಡನೆ ಆಡಿದ್ದು ಅಷ್ಟೇ.

ಅಜ್ಜಿಗೆ ಮಾತ್ರೆ ಕೊಡುವುದು ನನ್ನ ಪಾಲಿಗೆ ಬಂತು. "ಇದನ್ನ ನುಂಗಿದ್ರೆ ಬೆರಳೆಲ್ಲಾ ಜುಮ್ಮಂತಾವೆ, ಗಳಿಗೆಗೊಂದ್ಸಲ ಹಿತ್ಲಿಗೆ ಓಡ್ಬೇಕು. ಕಣ್ಣಿಗೆ ಕೊಟ್ಟಿದ್ದೋ, ಕೆಳಗ್ ಕೊಟ್ಟಿದ್ದೋ?" ಎಂದು ಜಗಳ ತೆಗೆದಳು. ನಾನು ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ಒಮ್ಮೆ ನಿಂತಳು. "ಯಾಕವ್ವಾ ಇನ್ನೂ ಕುಯ್ದಿಲ್ಲ? ನಿಜ ಹೇಳು. ಕಣ್ಣು ಹೋಗೈತಾ?"

"ಇಲ್ಲ ಅಜ್ಜಿ. ಔಷಧಿ ಸರಿಯಾಗಿದ್ದು ಇರ್ಲಿಲ್ಲ. ಹೊಸ್ದು ಮಾಡ್ತಿದೀವಿ."

"ಹಂಗಾದ್ರೆ ಮಾಡ್ಕಳ್ರಿ. ಬಾಡಿದ ಎಲೆ ನಾನೂ ಯಾರಿಗೂ ಕೊಟ್ಟವ್ಳಲ್ಲ," ಎಂದು ನಡೆದಳು. ಆದರೆ ನನ್ನ ಕೈಯೊಳಗೆ ಅವಳ ಕೈ ಬೆವರುತ್ತಿತ್ತು. ಅವಳಿಗೂ ಹೆದರಿಕೆ ಇದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲೇ ಇಲ್ಲ.

ಸಂಜೆಯ ಹೊತ್ತಿಗೆ ಬಾಟಲಿಗಳು ತಿಳಿಯಾದವು. ನಳಿಕೆಗೆ ತುಂಬಿ ಉಕ್ಕಿನ ಗುಂಡು ಬಿಟ್ಟೆವು, ನೀರಿನ ಬಟ್ಟಲಿಗೆ ಹಾಕಿದೆವು. ಆಡಿನ ಕಣ್ಣುಗಳನ್ನು ಒಂದಾದ ಮೇಲೊಂದು ಬಿಡಿಸಿ ನೋಡಿದೆವು. ಪ್ರತಿಯೊಂದರಲ್ಲೂ ಪರದೆಯ ಹಿಂದೆ ಹಳದಿ. ಕೂಡು ಜೆಲ್ ಇದ್ದಿದ್ದರೆ ತೆಗೆಯುವುದು ಸುಲಭವಿತ್ತು, ನಮ್ಮ ಪುಡಿಯಿಂದ ಬಂದದ್ದು ಅಂಟು. ಆದರೆ ಈ ಸಲ ಅನುಮಾನವಿರಲಿಲ್ಲ. ಎಷ್ಟು ಹೊತ್ತು ತೊಳೆದರೆ ಆ ಹಳದಿ ಹೋಗುತ್ತದೆ, ನಳಿಕೆಯ ತುದಿಯನ್ನು ಎಲ್ಲಿಗೆ ಒಯ್ಯಬೇಕು ಎಂದು ಡಾಕ್ಟರು ಉಳಿದ ಆಡಿನ ಕಣ್ಣುಗಳ ಮೇಲೆ ಮತ್ತೆ ಮತ್ತೆ ಮಾಡಿ ನೋಡಿಕೊಂಡರು. ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಒತ್ತಡ ಸ್ವಲ್ಪ ಇಳಿದಿತ್ತು. ಮಾರನೆಯ ಬೆಳಿಗ್ಗೆಯೇ ಮೇಜಿನ ಮೇಲೆ ಮಲಗಿಸಿದರು.

ಬಾಟಲಿ ತೆರೆಯುವ ಮುನ್ನ ಡಾಕ್ಟರು ತಲೆ ಎತ್ತದೆ ಕೇಳಿದರು. "ಯಾವುದು?"

"ಅಂಟು, ಸಾರ್."

"ಅಂಟು," ಎಂದು ಸಿಸ್ಟರ್ ಮತ್ತೊಮ್ಮೆ ಹೇಳಿದರು.

ಪೊರೆ ಬಂತು. ಮಸೂರ ಕೂತಿತು. ಆಮೇಲೆ ತೊಳೆಯಲು ಶುರುಮಾಡಿದರು. ನೀರಿನ ಬಾಟಲಿ ಎತ್ತಿ ಹಿಡಿದ ನನ್ನ ತೋಳು ಮರಗಟ್ಟಿತು. ಮೇಷ್ಟ್ರ ದಿನ ಇಷ್ಟು ಹೊತ್ತಿಗೆ ಹೊಲಿಗೆ ಮುಗಿದಿತ್ತು. ಡಾಕ್ಟರು ಇನ್ನೂ ಮಸೂರದ ಹಿಂದೆ, ಪರದೆಯ ಸುತ್ತ ನಳಿಕೆ ಆಡಿಸುತ್ತಲೇ ಇದ್ದರು. ಇಲ್ಲಿ ಹಳದಿ ಬಣ್ಣ ಇರಲಿಲ್ಲ. ಹೋಯಿತೋ ಉಳಿಯಿತೋ ಯಾರಿಗೂ ಕಾಣದು. ಹೆಚ್ಚು ತೊಳೆದರೆ ಆ ನಾಜೂಕಾದ ಹಾಸಿಗೇ ಪೆಟ್ಟು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರ ಕೈಯೇ ಹೇಳಬೇಕಿತ್ತು. ನಿಲ್ಲಿಸಿದರು. ಹೊಲಿದರು. ಅಜ್ಜಿ ಮೇಜಿನಿಂದಲೇ, "ಮುಗೀತಾ? ಬಟ್ಟೆ ಒಗ್ದಂಗೆ ಒಗುದ್ರಲ್ಲಪ್ಪಾ," ಎಂದಳು. ಸಿಸ್ಟರ್ ಹತ್ತಿಯಿಟ್ಟು ಪಟ್ಟಿ ಕಟ್ಟಿದರು.

ಆ ಸಂಜೆ ಮನೆಗೆ ಹೋಗಿ ಏನು ಉಂಡೆನೋ ನೆನಪಿಲ್ಲ.

ಮರುದಿನ ಬಸ್ಸಿಳಿದು ವಾರ್ಡಿನ ಬಾಗಿಲಿಗೆ ಬಂದಾಗ ಒಳಗಿನಿಂದ ಸದ್ದಿರಲಿಲ್ಲ. ಅಷ್ಟು ಮಾತಿನ ಅಜ್ಜಿ ಸುಮ್ಮನಿದ್ದಾಳೆ ಎಂದರೆ ನೋವಿರಬೇಕು ಅಂದುಕೊಂಡೆ. ಒಳಗೆ ಡಾಕ್ಟರು, ಸಿಸ್ಟರ್ ಮಂಚದ ಬಳಿ ನಿಂತಿದ್ದರು. ಕಾಂಪೌಂಡರ್ ಗೋಡೆಗೆ ಒರಗಿದ್ದ. ಬೇಸಿನ್ ತೆಗೆದುಕೊಂಡು ನಾನೂ ಹೋಗಿ ನಿಂತೆ. ಅಜ್ಜಿ ನೆಟ್ಟಗೆ ಕೂತಿದ್ದಳು. ಸಿಸ್ಟರ್ ಪಟ್ಟಿ ಬಿಚ್ಚಿ ಹತ್ತಿ ತೆಗೆದರು. ರೆಪ್ಪೆ ಅಂಟಿಕೊಂಡಿತ್ತು. ಒರೆಸಿದರು. ಅಜ್ಜಿ ಕಣ್ಣು ಬಿಟ್ಟಳು, ಬೆಳಕಿಗೆ ಮುಚ್ಚಿದಳು, ಮತ್ತೆ ಬಿಟ್ಟಳು.

ಡಾಕ್ಟರು ಬಗ್ಗಿ ಟಾರ್ಚ್ ಹಿಡಿದರು. ಬಹಳ ಹೊತ್ತು ನೋಡಿದರು. ಅವರ ಬೆನ್ನು ಅಡ್ಡವಿದ್ದುದರಿಂದ ನನಗೆ ಕಣ್ಣು ಕಾಣಲಿಲ್ಲ. ನನಗೆ ಗೊತ್ತಿಲ್ಲದೆಯೇ ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಬೇಸಿನ್ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಡಾಕ್ಟರು ಪಕ್ಕಕ್ಕೆ ಸರಿದು, ಎಷ್ಟು ಎಂದು ಕೇಳಲು ಬೆರಳುಗಳನ್ನು ಎತ್ತಿದರು.

ಅಜ್ಜಿ ಅವರ ಬೆರಳು ನೋಡಲಿಲ್ಲ. ಕುತ್ತಿಗೆ ಮುಂದೆ ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದೇನವ್ವಾ," ಎಂದಳು, "ಕಣ್ಣು ನಂದು, ನೀರು ನಿಂದಾ?"

ಡಾಕ್ಟರು ಎತ್ತಿದ್ದ ಬೆರಳುಗಳನ್ನು ಮಡಚಿಕೊಂಡರು.